ಹೋಟೆಲಿನ ನೀರಿನ ಲೋಟ

ದಾವಣಗೆರೆಯ ವಿದ್ಯಾನಗರದಲ್ಲಿ ಬೆಣ್ಣೆ ದೋಸೆ ತಿನ್ನಲು ಕೂತರೆ, ಏನು ಬೇಕೆಂದು ಕೇಳುವ ಮೊದಲೇ ಸ್ಟೀಲ್ ಲೋಟದಲ್ಲಿ ನೀರು ಬರುತ್ತದೆ. ಅದಕ್ಕೆ ಬಿಲ್ಲಿಲ್ಲ. ಯುರೋಪಿನ ಹಲವೆಡೆ ನಲ್ಲಿ ನೀರನ್ನು ಕೇಳಿ ತರಿಸಿಕೊಳ್ಳಬೇಕು.

ಈ ಧಾರಾಳತನವನ್ನು ಹೊಗಳಹೊರಟರೆ ನನಗೆ ಲೋಟದ ಚರಿತ್ರೆ ಅಡ್ಡ ಬರುತ್ತದೆ. ನೀರು ಪುಕ್ಕಟೆಯಿದ್ದರೂ ಲೋಟ ಎಲ್ಲರದಾಗಿರಲಿಲ್ಲ. ಕರ್ನಾಟಕದ ಎಷ್ಟೋ ಊರುಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ. ಇಲ್ಲವೇ ಹೊರಗೆ ನಿಂತು ಬೊಗಸೆಯೊಡ್ಡಿದರೆ ಮೇಲಿಂದ ಸುರಿದ ನೀರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ ತಾರತಮ್ಯವನ್ನು ನಿಷೇಧಿಸಿತು. ಅಷ್ಟು ಸಾಲಲಿಲ್ಲ. ಹೋಟೆಲಿನ ಪಾತ್ರೆಗಳನ್ನು ಬಳಸದಂತೆ ತಡೆಯುವುದೂ ಅಪರಾಧವೆಂದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಬರೆಯಬೇಕಾಯಿತು. ಒಂದು ಲೋಟಕ್ಕಾಗಿ ಸಂಸತ್ತು!

ಈಗ ಸ್ವಲ್ಪ ದೊಡ್ಡ ಹೋಟೆಲುಗಳಲ್ಲಿ ಕೇಳುವ ಪ್ರಶ್ನೆ ಬೇರೆ: "ಬಾಟ್ಲಾ ಸಾರ್, ನಾರ್ಮಲ್ಲಾ?"