ಓದಿನ ಅಳತೆ: ಪರೀಕ್ಷೆಯ ಕೋಣೆಯಿಂದ ಮನೆಯ ಜಗಲಿಗೆ

1958ರಲ್ಲಿ ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನಲ್ಲಿ ಆಗಷ್ಟೇ ಒಂದನೇ ತರಗತಿಗೆ ಸೇರಿದ್ದ 5,103 ಮಕ್ಕಳ ಓದನ್ನು ಪರೀಕ್ಷಿಸಿದರು. ಶಾಲೆ ಕಲಿಸುವ ಮೊದಲೇ ಓದು ಬಲ್ಲವರಾಗಿದ್ದವರು 49 ಮಕ್ಕಳು. ಆ ಕಾಲದ ಶಿಕ್ಷಣ ತಜ್ಞರಲ್ಲಿ ಹಲವರು, ತಂದೆತಾಯಿ ಮನೆಯಲ್ಲಿ ಓದು ಕಲಿಸಲು ಹೋದರೆ ಮಗು ಹಾಳಾಗುತ್ತದೆ ಎನ್ನುತ್ತಿದ್ದರು. ಡರ್ಕಿನ್ ಆ ಮಕ್ಕಳ ಮನೆಗಳಿಗೇ ಹೋಗಿ ಮಾತಾಡಿಸಿದರು. ಅವರಿಗೆ ಅಲ್ಲಿ ಕಂಡದ್ದು ಪಾಠದ ವೇಳಾಪಟ್ಟಿಯಲ್ಲ; ಟೀಚರ್ ಆಟ ಆಡುವ ಅಕ್ಕ, ಸದಾ ಕೈಗೆ ಸಿಗುವ ಕಾಗದ ಮತ್ತು ಪೆನ್ಸಿಲ್, ‘ಇದೇನು ಬರೆದಿದೆ?’ ಎಂದು ಕೇಳಿದಾಗಲೆಲ್ಲ ಉತ್ತರ ಕೊಡುವ ಒಬ್ಬ ದೊಡ್ಡವರು. ಡರ್ಕಿನ್ ಅವರ ಪುಸ್ತಕ 1966ರಲ್ಲಿ ಹೊರಬಂತು. ಅದರಲ್ಲಿನ ಒಂದು ಅಂಶವನ್ನು ಇಂದಿನ ತಂದೆತಾಯಿಯೂ ಗಮನಿಸಬೇಕು: ಆ 49 ಮಕ್ಕಳ ಬುದ್ಧಿಸೂಚ್ಯಂಕ 91ರಿಂದ 161ರವರೆಗೆ ಹರಡಿತ್ತು. ಬೇಗ ಓದುವ ಮಕ್ಕಳೆಲ್ಲ ಅಸಾಧಾರಣ ಪ್ರತಿಭಾವಂತರೇನಲ್ಲ.

ಹಾಗಾದರೆ ಬೇಗ ಓದುವ ಮಗು ನಿಜಕ್ಕೂ ಎಷ್ಟು ಓದಬಲ್ಲದು? ಇದನ್ನು ಅಳೆಯುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. 1915ರಲ್ಲಿ ವಿಲಿಯಂ ಗ್ರೇ, ಸುಲಭದಿಂದ ಕಠಿಣಕ್ಕೆ ಏರುವ ಪ್ಯಾರಾಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ತಪ್ಪು ಮತ್ತು ಸಮಯ ಎರಡನ್ನೂ ಲೆಕ್ಕ ಹಾಕುವ ಪರೀಕ್ಷೆ ರೂಪಿಸಿದರು. ಎರಡೇ ವರ್ಷದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೇರೊಂದು ಮಾತು ಎತ್ತಿದರು. ಪ್ಯಾರಾ ಓದಿದ ಮಕ್ಕಳು ಪ್ರಶ್ನೆಗಳಿಗೆ ಕೊಟ್ಟ ತಪ್ಪು ಉತ್ತರಗಳನ್ನು ಕೂಲಂಕಷವಾಗಿ ನೋಡಿ, ಓದುವುದೆಂದರೆ ಯೋಚಿಸುವುದೇ ಎಂಬ ತೀರ್ಮಾನಕ್ಕೆ ಬಂದರು. ಬಾಯಿಯ ಓದು ಒಂದು ಕಡೆ, ತಲೆಯ ಓದು ಇನ್ನೊಂದು ಕಡೆ. ಈ ಎರಡು ಎಳೆಗಳ ನಡುವಿನ ಜಗ್ಗಾಟವೇ ಈ ಕ್ಷೇತ್ರದ ಮುಂದಿನ ಚರಿತ್ರೆ.

ಎಮ್ಮೆಟ್ ಬೆಟ್ಸ್ 1946ರಲ್ಲಿ ಎರಡನ್ನೂ ಒಂದೇ ಪಟ್ಟಿಗೆ ತಂದರು. ನೂರು ಪದಗಳಲ್ಲಿ 99 ಸರಿಯಾಗಿ ಓದಿ, ಕೇಳಿದ ಪ್ರಶ್ನೆಗಳಲ್ಲಿ ಶೇ. 90ಕ್ಕೆ ಉತ್ತರಿಸಿದರೆ ಆ ಪುಸ್ತಕವನ್ನು ಮಗು ತಾನಾಗಿಯೇ ಓದಿಕೊಳ್ಳಬಲ್ಲದು. 95 ಪದ, ಶೇ. 75 ಉತ್ತರವಾದರೆ ಪಕ್ಕದಲ್ಲಿ ಕಲಿಸುವವರು ಬೇಕು. ಪದಗಳು 90ಕ್ಕೂ ಕೆಳಗಿಳಿದು, ಅರ್ಧದಷ್ಟೂ ಅರ್ಥವಾಗದಿದ್ದರೆ ಪುಸ್ತಕ ಬದಲಿಸುವುದೇ ಲೇಸು. ಇಷ್ಟು ಸರಳವಾದ್ದರಿಂದಲೇ ಈ ಲೆಕ್ಕ ಅಮೆರಿಕದ ತರಗತಿಗಳಲ್ಲಿ ದಶಕಗಟ್ಟಲೆ ಉಳಿಯಿತು. ಆದರೆ ಈ ಅಂಕಿಗಳ ಹಿಂದೆ ಇದ್ದದ್ದು ನಾಲ್ಕನೇ ತರಗತಿಯ 41 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ಮಾತ್ರ. ಅದನ್ನು ಐದು ವರ್ಷದ ಮಗುವಿಗೆ, ಅದೂ ಕನ್ನಡದಲ್ಲಿ, ಹಾಗೆಯೇ ಹಚ್ಚುವುದು ಸರಿಯಲ್ಲ. ‘ಹೋಗಬೇಕಾಗಿತ್ತಂತೆ’ ಎಂಬುದು ನಮ್ಮಲ್ಲಿ ಒಂದೇ ಪದ. ಅಲ್ಲಿ ಮಗು ತಡವರಿಸಿದರೆ ತಪ್ಪು ಎಷ್ಟೆಂದು ಎಣಿಸುವುದು?

ಎಣಿಕೆಯಿಂದ ಗಮನಿಕೆಯ ಕಡೆಗೆ ಹೊರಳಿಸಿದವರಲ್ಲಿ ನ್ಯೂಜಿಲೆಂಡಿನ ಮೇರಿ ಕ್ಲೇ ಪ್ರಮುಖರು. 1960ರ ದಶಕದಲ್ಲಿ ಅವರು ಆಕ್ಲೆಂಡಿನ 100 ಮಕ್ಕಳು ಶಾಲೆಯ ಮೊದಲ ವರ್ಷ ಓದು ಕಲಿಯುವ ಬಗೆಯನ್ನು ವಾರವಾರವೂ ದಾಖಲಿಸಿದರು. ಅವರ ವಿಧಾನಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್. ಸರಿಯಾಗಿ ಓದಿದ ಪ್ರತಿ ಪದಕ್ಕೂ ಒಂದು ಟಿಕ್; ಬಿಟ್ಟ ಪದಕ್ಕೆ ಅಡ್ಡಗೆರೆ; ಬೇರೆ ಪದ ಓದಿದರೆ ಅದೇ ಪದ; ತಾನೇ ತಿದ್ದಿಕೊಂಡರೆ ಅದಕ್ಕೊಂದು ಪ್ರತ್ಯೇಕ ಗುರುತು. ‘ಹುಡುಗಿ ಕತ್ತೆಯ ಮೇಲೆ ಕೂತು ಸಂತೆಗೆ ಹೋದಳು’ ಎಂಬ ಸಾಲನ್ನು ಮಗು ‘ಕತ್ತಿಯ ಮೇಲೆ’ ಎಂದು ಓದಿತೆನ್ನಿ. ಥಟ್ಟನೆ ನಿಂತು, ಹಿಂದೆ ಹೋಗಿ ‘ಕತ್ತೆಯ ಮೇಲೆ’ ಎಂದರೆ ಅದು ಅರ್ಥವನ್ನು ಹಿಡಿದು ಓದುತ್ತಿದೆ. ಕತ್ತಿಯ ಮೇಲೆ ಕೂತು ಸಂತೆಗೆ ಹೋಗುವುದು ವಿಚಿತ್ರವೆನಿಸದೆ ಮುಂದಿನ ಸಾಲಿಗೆ ಹೋದರೆ ಅದು ಬರೀ ಅಕ್ಷರ ಕೂಡಿಸುತ್ತಿದೆ. ಅಂಕ ಕೊಡುವ ಯಾವ ಪರೀಕ್ಷೆಗಿಂತಲೂ ಮನೆಯವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮಗುವಿನ ಪಕ್ಕ ದಿನವೂ ಕೂರುವವರು ಅವರೇ.

ಸರಾಗ ಓದಿಗೆ ಮರುಳಾಗಬಾರದು ಎಂಬುದಕ್ಕೆ ಇನ್ನೂ ಬಲವಾದ ಪುರಾವೆಗಳು ಬಂದವು. ಚಿಕ್ಕ ವಯಸ್ಸಿಗೇ ಪಟಪಟನೆ ಓದಿಯೂ ಓದಿದ್ದರ ಅರ್ಥ ಹಿಡಿಯಲಾಗದ ಮಕ್ಕಳ ಸ್ಥಿತಿಗೆ 1967ರಲ್ಲಿ ಹೈಪರ್‌ಲೆಕ್ಸಿಯಾ ಎಂಬ ಹೆಸರು ಬಂತು. 1986ರಲ್ಲಿ ಗಫ್ ಮತ್ತು ಟನ್ಮರ್, ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಗಳ ಗುಣಲಬ್ಧವೇ ಓದು ಎಂದರು. ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆ. ಎರಡು ವರ್ಷದ ನಂತರ ರೆಕ್ಟ್ ಮತ್ತು ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದಿಯೂ ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟಿದ್ದರು. ಗ್ರಹಗಳ ಹುಚ್ಚು ಹಿಡಿದ ಆರು ವರ್ಷದ ಮಗು ಶನಿಯ ಬಳೆಗಳ ಬಗ್ಗೆ ದೊಡ್ಡವರ ಲೇಖನವನ್ನೇ ಓದಬಹುದು, ಅಜ್ಜಿ ಮೊಮ್ಮಗಳ ಮುನಿಸಿನ ಕಥೆಯಲ್ಲಿ ದಾರಿ ತಪ್ಪಬಹುದು. ಒಂದೇ ಮಗುವಿಗೆ ಒಂದೇ ಮಟ್ಟ ಎಂಬುದು ಇಲ್ಲ.

ಪ್ರತಿಭಾವಂತ ಮಗುವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಪರೀಕ್ಷೆಯೇ ಮೊದಲು ಮುಗಿದುಹೋಗುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ 1970ರ ದಶಕದ ಆರಂಭದಲ್ಲಿ ಹದಿಮೂರರ ಆಸುಪಾಸಿನ ಗಣಿತ ಪ್ರತಿಭೆಗಳಿಗೆ ಕಾಲೇಜು ಪ್ರವೇಶದ ಪರೀಕ್ಷೆಯನ್ನೇ ಕೊಟ್ಟದ್ದು ಇದೇ ಕಾರಣಕ್ಕೆ. ವಯಸ್ಸಿಗೆ ತಕ್ಕ ಪ್ರಶ್ನೆಪತ್ರಿಕೆಯಲ್ಲಿ ಅವರೆಲ್ಲರೂ ಒಂದೇ ಥರ ಮೇಲಿರುತ್ತಿದ್ದರು.

ನಮ್ಮ ದೇಶದಲ್ಲಿ ಮನೆಬಾಗಿಲಿಗೇ ಬರುವ ಓದಿನ ಪರೀಕ್ಷೆ ಎಂದರೆ ‘ಅಸರ್’. 2005ರಿಂದ ಸ್ವಯಂಸೇವಕರು ಹಳ್ಳಿ ಮನೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಹಾಳೆ ಓದಿಸುತ್ತಾರೆ: ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ. ಕನ್ನಡದಲ್ಲೂ ಈ ಹಾಳೆ ಇದೆ. ಹಿಂದುಳಿದ ಮಕ್ಕಳನ್ನು ಗುರುತಿಸಲೆಂದು ಹುಟ್ಟಿದ ಈ ಉಪಕರಣ ಆ ಕೆಲಸವನ್ನು ಸಮರ್ಥವಾಗಿ ಮಾಡುತ್ತದೆ. ಆದರೆ ಕೊನೆಯ ಕಥೆಯನ್ನು ನೀರು ಕುಡಿದಂತೆ ಓದಿ ಮುಗಿಸುವ ಐದು ವರ್ಷದವಳ ಬಗ್ಗೆ ಅದು ಮುಂದೇನೂ ಹೇಳದು.

ಕನ್ನಡ ಲಿಪಿಯ ಗುಣವೂ ಇಲ್ಲಿ ಸೇರುತ್ತದೆ. ಕಾಗುಣಿತ, ಒತ್ತಕ್ಷರ ಎಲ್ಲ ಕೂಡಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು; ಇಂಗ್ಲಿಷಿನ 26 ಅಕ್ಷರಗಳಿಗೆ ಹೋಲಿಸಿದರೆ ಈ ಕಲಿಕೆ ಬಹಳ ಕಾಲ ಹಿಡಿಯುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಹಾಗಾಗಿ ಇಂಗ್ಲಿಷಿನಲ್ಲಿ ಮುಂದಿರುವ ಮಗು ಕನ್ನಡದಲ್ಲಿ ಒತ್ತಕ್ಷರಕ್ಕೆ ನಿಂತರೆ ಗಾಬರಿ ಬೇಡ. ಒತ್ತಕ್ಷರ ಕೈವಶವಾದ ಮೇಲಿನ ಅಪಾಯ ಬೇರೆ: ಬರೆದದ್ದನ್ನೇ ಓದುವ ಲಿಪಿಯಾದ್ದರಿಂದ ಗೊತ್ತಿಲ್ಲದ ಪದವನ್ನೂ ಮಗು ಸ್ಪಷ್ಟವಾಗಿ ಉಚ್ಚರಿಸುತ್ತದೆ, ಕೇಳಿದವರು ಅರ್ಥವೂ ಆಗಿದೆ ಎಂದುಕೊಳ್ಳುತ್ತಾರೆ. ಬರೀ ಪದಪಟ್ಟಿ ಓದಿಸಿ ಮಟ್ಟ ನಿರ್ಧರಿಸುವುದು ಕನ್ನಡಕ್ಕೆ ಒಗ್ಗುವುದೇ ಇಲ್ಲ.

ಮನೆಯಲ್ಲಿ ನೋಡಬೇಕೆಂದರೆ ಮಗು ಹಿಂದೆ ಕೇಳಿರದ ಬರಹವೇ ಬೇಕು. ‘ಕಿಂದರಿಜೋಗಿ’ಯನ್ನು ಎಷ್ಟೋ ಮಕ್ಕಳು ಓದುವುದಕ್ಕೆ ಮೊದಲೇ ಬಾಯಿಪಾಠ ಮಾಡಿರುತ್ತಾರೆ, ಅಲ್ಲಿ ಬೆರಳಿಟ್ಟು ಓದಿದರೆ ತಿಳಿಯುವುದು ನೆನಪಿನ ಶಕ್ತಿ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಎರಡನೇ ಹಂತದಿಂದ ಶುರುಮಾಡಿ ಮೇಲೇರಬಹುದು, ನಾಲ್ಕನೆಯದೂ ಸಲೀಸಾದರೆ ಮಕ್ಕಳ ಕಾದಂಬರಿಗೆ, ದಿನಪತ್ರಿಕೆಯ ವಿಜ್ಞಾನ ಅಂಕಣಕ್ಕೆ ಹೋಗಬಹುದು. ಪ್ರತಿ ಹಂತದಲ್ಲೂ ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿ, ಕಥೆಯನ್ನು ಮಗುವಿನ ಮಾತಿನಲ್ಲೇ ಹೇಳಿಸಬೇಕು. ಆಮೇಲೆ ಪುಟದಲ್ಲಿ ನೇರವಾಗಿ ಬರೆದಿಲ್ಲದ ಒಂದು ಪ್ರಶ್ನೆ: ‘ಅವನು ಯಾಕೆ ಸುಳ್ಳು ಹೇಳಿದ?’ ತಾನಾಗಿ ತಿದ್ದಿಕೊಳ್ಳುವುದು ನಿಂತು, ಉತ್ತರಗಳು ಊಹೆಯಾಗತೊಡಗಿದ ಪುಸ್ತಕದ ಹೆಸರನ್ನು ತಾರೀಕಿನೊಂದಿಗೆ ಬರೆದಿಟ್ಟುಕೊಳ್ಳಬೇಕು. ಅದೇ ಕಷ್ಟದ ಬೇರೊಂದು ಪುಸ್ತಕವನ್ನು ದೊಡ್ಡವರೇ ಓದಿ ಹೇಳಿ, ಕೇಳಿದಾಗ ಮಗುವಿಗೆ ಎಷ್ಟು ತಿಳಿಯಿತೆಂದು ನೋಡಬೇಕು. ಕೇಳಿದಾಗ ಚೆನ್ನಾಗಿ ತಿಳಿದು ಓದಿದಾಗ ತಿಳಿಯದಿದ್ದರೆ ಕೊರತೆ ಅಭ್ಯಾಸದ್ದು. ಕೇಳಿದಾಗಲೂ ತಿಳಿಯದಿದ್ದರೆ ಆ ಪುಸ್ತಕದ ಲೋಕ ಮಗುವಿಗೆ ಇನ್ನೂ ಅಪರಿಚಿತ.