ಮಲಯಾಯೈಟ್: ತವರಯುಕ್ತ ಸಿಲಿಕೇಟ್ ಖನಿಜದ ಗುಣಲಕ್ಷಣಗಳು ಹಾಗೂ ನಾಮಕರಣ

ಖನಿಜ ಮಾದರಿಗಳ ವಿಶ್ಲೇಷಣೆಗಾಗಿ ಅರ್ಜಿ ಸಲ್ಲಿಸುವವರು ವರದಿಯಲ್ಲಿ ತವರದ ಅಂಶ ಕಂಡುಬಂದ ಕೂಡಲೇ ತಮ್ಮ ಜಮೀನಿನಲ್ಲಿ ತವರದ ಅದಿರು ದೊರೆತಿದೆಯೆಂದು ಭಾವಿಸುವುದು ಸಹಜ. ಆದರೆ ತವರವಿರುವ ಶಿಲೆಯೆಲ್ಲವೂ ಅದಿರಲ್ಲ. ಮಲಯಾಯೈಟ್ ಇದಕ್ಕೆ ನಿದರ್ಶನವಾಗಿದೆ.

ಇದು ಕ್ಯಾಲ್ಸಿಯಂ, ತವರ, ಸಿಲಿಕಾನ್ ಹಾಗೂ ಆಮ್ಲಜನಕಗಳಿಂದ ಕೂಡಿದ, ಟೈಟನೈಟ್ ಗುಂಪಿಗೆ ಸೇರಿದ ಖನಿಜ. ಟೈಟನೈಟ್‌ನಲ್ಲಿ ಟೈಟಾನಿಯಂ ಇರುವ ಸ್ಥಾನದಲ್ಲಿ ಇದರಲ್ಲಿ ತವರವಿರುತ್ತದೆ. ಬಣ್ಣರಹಿತವಾಗಿ ಅಥವಾ ತಿಳಿಹಳದಿಯಾಗಿ ಕಾಣುವ ಇದರ ಕಾಠಿಣ್ಯ 3.5ರಿಂದ 4, ಸಾಪೇಕ್ಷ ಸಾಂದ್ರತೆ ಸುಮಾರು 4.3ರಿಂದ 4.55. ಸುಣ್ಣದಕಲ್ಲಿಗೆ ಗ್ರಾನೈಟ್‌ನ ಶಾಖ ಹಾಗೂ ದ್ರವಗಳು ತಾಗಿ ಉಂಟಾಗುವ ಸ್ಕಾರ್ನ್ ಶಿಲೆಗಳಲ್ಲಿ ಇದು ದೊರೆಯುತ್ತದೆ.

ಶುದ್ಧ ಮಲಯಾಯೈಟ್‌ನಲ್ಲಿ ತೂಕದ ಶೇ. 44.5ರಷ್ಟು ತವರವಿದೆ. ಈ ಅಂಕಿಯನ್ನು ಮಾತ್ರ ನೋಡಿದರೆ ಇದು ಸಮೃದ್ಧ ಅದಿರೆಂದೇ ತೋರುವುದು. ಪಾತ್ರೆಗಳಿಗೆ ಕಲಾಯಿ ಹಾಕಲು ಬಳಸುವ ತವರದ ಮುಖ್ಯ ಮೂಲವಾದ ಕ್ಯಾಸಿಟರೈಟ್ ತವರದ ಆಕ್ಸೈಡ್ ಆಗಿದ್ದು, ಅದರ ಸಾಂದ್ರತೆ ಸುಮಾರು 7. ಆದುದರಿಂದ ಅದನ್ನು ನೀರಿನಲ್ಲಿ ತೊಳೆದು ಹಗುರವಾದ ಖನಿಜಗಳಿಂದ ಸುಲಭವಾಗಿ ಬೇರ್ಪಡಿಸಬಹುದು. ಬಳಿಕ ಇಂಗಾಲದೊಡನೆ ಕಾಯಿಸಿದರೆ ಲೋಹ ದೊರೆಯುತ್ತದೆ. ಮಲಯಾಯೈಟ್ ಅಷ್ಟು ಭಾರವಿಲ್ಲದ ಕಾರಣ ಜೊತೆಗಿರುವ ಗಾರ್ನೆಟ್ ಮುಂತಾದವುಗಳಿಂದ ಬೇರ್ಪಡುವುದು ಕಷ್ಟ. ಅದರಲ್ಲಿನ ತವರವು ಸಿಲಿಕೇಟ್ ರಚನೆಯೊಳಗೆ ಬಂಧಿತವಾಗಿರುವುದರಿಂದ ಸಾಮಾನ್ಯ ವಿಧಾನದಲ್ಲಿ ಲಾಭದಾಯಕವಾಗಿ ಕೈಗೆ ಸಿಗದು.

ಮಲಯಾ ದೇಶದ ಹೆಸರನ್ನೇ ಈ ಖನಿಜಕ್ಕೆ ಇಡಲಾಗಿದೆ. ಇದರ ಮೂಲ ನೆಲೆ ಪೇರಾಕ್ ರಾಜ್ಯದ ಚೆಂಡೆರಿಯಾಂಗ್ ಸಮೀಪದ ಸುಂಗೈ ಲಾಹ್. ಅಲೆಕ್ಸಾಂಡರ್ ಮತ್ತು ಫ್ಲಿಂಟರ್ ಎಂಬ ತಜ್ಞರ ವಿವರಣೆ 1965ರಲ್ಲಿ ಪ್ರಕಟವಾಯಿತು. 1963ರಲ್ಲಿಯೇ ಮಲೇಷ್ಯಾ ರಚನೆಯಾಗಿದ್ದರೂ ಖನಿಜದಲ್ಲಿ ಹಳೆಯ ಹೆಸರೇ ಉಳಿದುಕೊಂಡಿತು. ಇಂಗ್ಲೆಂಡಿನ ಡಾರ್ಟ್‌ಮೂರ್ ಗ್ರಾನೈಟ್ ಅಂಚಿನಲ್ಲಿಯೂ ಇದು ಕಂಡುಬಂದಿದೆ.

ಲೋಹಕ್ಕಾಗಿ ಉಪಯೋಗವಿಲ್ಲದಿದ್ದರೂ ಇದೇ ಸಂಯುಕ್ತವನ್ನು ಕೃತಕವಾಗಿ ತಯಾರಿಸಿ, ಅಲ್ಪ ಪ್ರಮಾಣದ ಕ್ರೋಮಿಯಂ ಸೇರಿಸಿದಾಗ ಪಿಂಗಾಣಿ ವಸ್ತುಗಳಿಗೆ ಬಳಸುವ ಗುಲಾಬಿ ವರ್ಣದ್ರವ್ಯ ದೊರೆಯುತ್ತದೆ.

ಕಿರುತರಂಗದ ನೇರಳಾತೀತ ದೀಪದಡಿ ಮಲಯಾಯೈಟ್ ಹಳದಿ-ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಸ್ಕಾರ್ನ್‌ಗಳಲ್ಲಿಯೇ ದೊರೆಯುವ, ಟಂಗ್‌ಸ್ಟನ್ ಅದಿರಾದ ಶೀಲೈಟ್ ಸಹ ಇಂತಹ ದೀಪದಡಿ ಹೊಳೆಯುವುದರಿಂದ ದೀಪವೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಮಾದರಿಯನ್ನು ಸಲ್ಲಿಸುವಾಗ ತವರದ ಶೇಕಡಾವಾರು ಪ್ರಮಾಣದೊಂದಿಗೆ ಅದು ಯಾವ ಖನಿಜದ ರೂಪದಲ್ಲಿದೆ ಎಂಬುದರ ಪರೀಕ್ಷೆಯನ್ನೂ ಕೋರುವುದು ಸೂಕ್ತ. ಈ ವಿವರವಿಲ್ಲದ ವರದಿಯನ್ನು ಆಧರಿಸಿ ಯಂತ್ರೋಪಕರಣಗಳಿಗೆ ಹಣ ತೊಡಗಿಸಬಾರದು.