ಪುಟ ಕಟ್ಟಿದವರ ಪಾಠಗಳು

ಸಂಪಾದಕರ ಒಪ್ಪಿಗೆಗೂ ಅಚ್ಚುಕೂಟದ ಸರದಿಗೂ ಕಾಯದೆ, ತಾನು ಬರೆದುದನ್ನು ತಾನೇ ಲೋಕದ ಮುಂದಿಡುವ ಅನುಕೂಲ ಹಿಂದೆ ಎಷ್ಟು ಜನರಿಗೆ ಇತ್ತು? ಇಂದು ಅದು ಬರೆಯಬಲ್ಲ ಎಲ್ಲರಿಗೂ ಇದೆ. ಯಾವುದಾದರೊಂದು ಪ್ರಕಟಣ ವೇದಿಕೆಯಲ್ಲಿ ಹೆಸರು ಬರೆಸಿ, ಒಂದು ಶೀರ್ಷಿಕೆ ಕೊಟ್ಟು, ನಾಲ್ಕು ಮಾತು ಬರೆದು, ಗುಂಡಿಯೊತ್ತಿದರೆ ಜಾಲಪುಟ ಸಿದ್ಧವಾಗುತ್ತದೆ. ಹೀಗೆ ಮೊದಲ ಪುಟ ಮಾಡಹೊರಟವರಿಗೆ ಬುದ್ಧಿಮಾತಿನ ಕೊರತೆಯೂ ಇಲ್ಲ. ಶೀರ್ಷಿಕೆ ಸ್ಪಷ್ಟವಾಗಿರಲಿ, ಚಿತ್ರ ಹಗುರವಾಗಿರಲಿ, ಕೊಂಡಿಗಳು ಸರಿಯಾಗಿರಲಿ, ಇತ್ಯಾದಿ. ಆದರೆ ಈ ಮಾತುಗಳು ಎಲ್ಲಿ ಹುಟ್ಟಿದವು, ಯಾರು ಏನನ್ನು ಕಳೆದುಕೊಂಡು ಇವನ್ನು ಕಲಿತರು ಎಂಬುದನ್ನು ಹೇಳುವವರು ವಿರಳ. ರೋಗದ ಹೆಸರು ಹೇಳದೆ ಮದ್ದಿನ ಚೀಟಿಯನ್ನಷ್ಟೇ ಕೈಗಿತ್ತರೆ ಪಥ್ಯದಲ್ಲಿ ಯಾರಿಗೂ ಶ್ರದ್ಧೆ ಹುಟ್ಟದು. ಆದುದರಿಂದ ಈ ಬುದ್ಧಿಮಾತುಗಳ ಚರಿತ್ರೆಯನ್ನೇ ಇಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದಿದ್ದೇನೆ.

ಜಿನೀವಾದ ಮೊದಲ ಪುಟ

ಕಥೆ ಆರಂಭವಾಗುವುದು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಕೆಲಸಕ್ಕಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಜ್ಞ 1989ರ ಮಾರ್ಚಿಯಲ್ಲಿ ತನ್ನ ಮೇಲಧಿಕಾರಿಗಳಿಗೆ ಒಂದು ಯೋಜನೆಯನ್ನು ಬರೆದುಕೊಟ್ಟ. ದೇಶದೇಶಗಳಿಂದ ಬಂದುಹೋಗುವ ವಿಜ್ಞಾನಿಗಳ ಬರೆಹಗಳು ಬೇರೆಬೇರೆ ಯಂತ್ರಗಳಲ್ಲಿ ಚದುರಿಹೋಗುತ್ತಿದ್ದವು. ಅವನ್ನೆಲ್ಲ ಒಂದರಿಂದ ಒಂದಕ್ಕೆ ಕೊಂಡಿ ಹಾಕಿ ಜೋಡಿಸಬೇಕೆಂಬುದು ಅದರ ಸಾರ. 1990ರ ಕೊನೆಯ ಹೊತ್ತಿಗೆ ಜಾಲ ಆ ಸಂಸ್ಥೆಯೊಳಗೆ ನಡೆಯತೊಡಗಿತು. 1991ರ ಆಗಸ್ಟ್ 6ರಂದು ಹೊರಗಿನವರಿಗೂ ಅದರ ಸುದ್ದಿ ತಿಳಿಯಿತು. ಪುಟ ಬರೆಯಲು ಆಗ ಬೇಕಾಗಿದ್ದ ಗುರುತುಗಳು ಇಪ್ಪತ್ತಕ್ಕಿಂತ ಕಡಮೆ. ಇದು ಶೀರ್ಷಿಕೆ, ಇದು ಪಟ್ಟಿ, ಇದು ಕೊಂಡಿ ಎಂದು ಹೇಳುವ ಸರಳ ಸಂಕೇತಗಳು ಅವು.

ಆ ಮೊದಲ ಪುಟದ ವಿಷಯವೇನಾಗಿತ್ತೆಂದರೆ, ಈ ಜಾಲ ಎಂಬುದೇನು, ಇದನ್ನು ಬಳಸುವುದು ಹೇಗೆ, ನಿಮ್ಮ ಬರೆಹವನ್ನು ಇದರಲ್ಲಿ ಇಡುವುದು ಹೇಗೆ ಎಂಬುದೇ! ಜಾಲ ಹುಟ್ಟಿದ ಗಳಿಗೆಯಲ್ಲೇ ಹೊಸಬರಿಗೆ ಮಾರ್ಗದರ್ಶನವೂ ಹುಟ್ಟಿತೆನ್ನಬೇಕು.

1992ರಲ್ಲಿ ಬರ್ನರ್ಸ್-ಲೀ ಪುಟ ಬರೆಯುವವರಿಗಾಗಿ ಒಂದು ಶೈಲಿಯ ಕೈಪಿಡಿಯನ್ನೇ ಸಿದ್ಧಪಡಿಸಿದ. ಅದರ ಹಲವು ಸೂಚನೆಗಳು ಇಂದಿಗೂ ಹಳತಾಗಿಲ್ಲ. ಪುಟಕ್ಕೆ ನಿಮ್ಮ ಹೆಸರು ಹಾಕಿ, ತಾರೀಖು ಹಾಕಿ ಎಂಬುದೊಂದು. ಕೊಂಡಿಯ ಮೇಲೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯಬೇಡಿ, ಅದು ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ಆ ಪದಗಳೇ ಹೇಳುವಂತಿರಲಿ ಎಂಬುದು ಮತ್ತೊಂದು. ಪುಟವನ್ನು ಕಾಗದದ ಮೇಲೆ ಅಚ್ಚುಮಾಡಿಕೊಂಡು ಓದುವವನು ಎಲ್ಲಿ ತಾನೆ ಕ್ಲಿಕ್ ಮಾಡಿಯಾನು? ನಿಮ್ಮ ಪರದೆಯ ಮೇಲೆ ಕಂಡಂತೆಯೇ ಓದುಗನ ಪರದೆಯ ಮೇಲೂ ಕಾಣುತ್ತದೆಂದು ಭಾವಿಸಬೇಡಿ ಎಂಬುದು ಮೂರನೆಯದು.

ಹೆಸರು, ತಾರೀಖುಗಳ ಮಾತು ನಮಗೆ ಹೊಸತಲ್ಲ. ನಮ್ಮ ನಾಡಿನ ಎಷ್ಟೋ ಶಾಸನಗಳಲ್ಲಿ ಶಕವರ್ಷ, ತಿಥಿ, ವಾರ, ದಾನಿಯ ಹೆಸರು, ಕೆಲವೆಡೆ ಬರೆದವನ ಮತ್ತು ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಇವೆ. ಅವು ಇರುವುದರಿಂದಲೇ ಆ ಕಲ್ಲು ಸಾಕ್ಷಿಯಾಗಿ ನಿಲ್ಲುತ್ತದೆ. ತಾರೀಖಿಲ್ಲದ ಜಾಲಪುಟ ತೇದಿ ಅಳಿದುಹೋದ ಶಾಸನದ ಹಾಗೆ. ಏನನ್ನೋ ಹೇಳುತ್ತದೆ, ಯಾವ ಕಾಲದ ಮಾತೆಂದು ತಿಳಿಯುವುದಿಲ್ಲ.

ಇಲ್ಲೊಂದು ವಿಪರ್ಯಾಸವೂ ಉಂಟು. ಆ ಮೊದಲ ಪುಟವನ್ನು ಅದರ ಕರ್ತೃವೇ ಆಗಾಗ ತಿದ್ದುತ್ತಿದ್ದುದರಿಂದ ಅದರ ಮೂಲರೂಪ ನಮಗೆ ಉಳಿಯಲಿಲ್ಲ. 2013ರಲ್ಲಿ ಸರ್ನ್ ಸಂಸ್ಥೆ ಅದನ್ನು ಹಳೆಯ ವಿಳಾಸದಲ್ಲೇ ಮತ್ತೆ ಪ್ರತಿಷ್ಠಾಪಿಸಿದಾಗ ಬಳಸಬೇಕಾದದ್ದು 1992ರ ಪ್ರತಿಯನ್ನು.

ಬಿಟ್ಟಿ ನಿವೇಶನಗಳ ಊರು

1993ರ ಏಪ್ರಿಲ್ 30ರಂದು ಸರ್ನ್ ತನ್ನ ಜಾಲದ ತಂತ್ರಾಂಶವನ್ನು ಸಾರ್ವಜನಿಕರ ಸೊತ್ತೆಂದು ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಮೊಸಾಯಿಕ್ ಎಂಬ ಬ್ರೌಸರ್ ಹೊರಬಂದು, ಬರೆಹದ ನಡುವೆಯೇ ಚಿತ್ರ ಕಾಣುವಂತಾಯಿತು. ಪುಟ ಬರೆಯಲು ಹೊಸಬರಿಗೊಂದು ಕೈಪಿಡಿಯನ್ನೂ ಅಲ್ಲಿನವರು ಹೊರತಂದರು. ಆದರೆ ಬಹುಮಂದಿಗೆ ನಿಜವಾದ ಗುರು ಬೇರೊಬ್ಬರ ಪುಟವೇ. ಯಾವ ಪುಟದ ಮೂಲವನ್ನಾದರೂ ಬಿಚ್ಚಿ ನೋಡಬಹುದಾಗಿತ್ತು. ನೋಡಿ, ನಕಲು ಮಾಡಿ, ಎರಡು ಕಡೆ ಬದಲಾಯಿಸಿ ಜನ ಕಲಿತರು. ಪಕ್ಕದ ಮನೆಯ ರಂಗೋಲಿಯ ಚುಕ್ಕಿ ಎಣಿಸಿ ಕಲಿಯುವ ಹಾಗೆ.

ಪುಟ ಬರೆಯಲು ಬಂದರೂ ಇಡಲು ಜಾಗ ಬೇಕಲ್ಲ! 1994ರಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಎಂಬಿಬ್ಬರು ಅಮೆರಿಕದಲ್ಲಿ ಕಟ್ಟಿದ ಕಂಪನಿಯೊಂದು ಆ ಜಾಗವನ್ನು ಬಿಟ್ಟಿಯಾಗಿ ಕೊಡತೊಡಗಿತು. ಅದೇ ಮುಂದೆ ಜಿಯೋಸಿಟೀಸ್ ಎಂದು ಹೆಸರಾಯಿತು. ಅವರ ಕಲ್ಪನೆ ಸೊಗಸಾದದ್ದು. ಜಾಲವನ್ನು ಒಂದು ಊರೆಂದು ಭಾವಿಸಿ ಅದನ್ನು ಬಡಾವಣೆಗಳಾಗಿ ವಿಂಗಡಿಸಿದರು. ಸಿನಿಮಾ ಪ್ರಿಯರಿಗೆ ಹಾಲಿವುಡ್, ಗಣಕದವರಿಗೆ ಸಿಲಿಕಾನ್ ವ್ಯಾಲಿ, ವಿದ್ಯೆ ಮತ್ತು ತತ್ತ್ವವಿಚಾರದವರಿಗೆ ಅಥೆನ್ಸ್, ಸಂಸಾರಸ್ಥರಿಗೆ ಹಾರ್ಟ್‌ಲ್ಯಾಂಡ್. ಖಾಲಿಯಿರುವ ಮನೆಯ ನಂಬರು ಆರಿಸಿಕೊಂಡು ಯಾರು ಬೇಕಾದರೂ ನೆಲೆಸಬಹುದು. ಹೊಸಬರ ಕೈಹಿಡಿದು ನಡೆಸಲು ಆಯಾ ಬಡಾವಣೆಯ ಸ್ವಯಂಸೇವಕರಿದ್ದರು. ತನ್ನ ಬೆಕ್ಕಿನ ಭಾವಚಿತ್ರ, ಅಂಚೆಚೀಟಿ ಸಂಗ್ರಹ, ವಂಶಾವಳಿ, ನೆಚ್ಚಿನ ಗಾಯಕ ಹೀಗೆ ಅಚ್ಚಿನ ಮನೆ ಎಂದೂ ಅಂಗೀಕರಿಸದ ವಿಷಯಗಳಿಗೆಲ್ಲ ಅಲ್ಲಿ ಮನೆ ಸಿಕ್ಕಿತು.

ಚಿತ್ರ ಹಗುರವಾಗಿರಲಿ ಎಂಬ ಮಾತು ಪ್ರಾಣ ಪಡೆದದ್ದು ಈ ಕಾಲದಲ್ಲಿ. ಜಾಲ ಮನೆಗೆ ಬರುತ್ತಿದ್ದುದು ದೂರವಾಣಿಯ ತಂತಿಯ ಮೂಲಕ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮಿನಲ್ಲಿ 60 ಕಿಲೋಬೈಟಿನ ಒಂದು ಸಣ್ಣ ಚಿತ್ರ ಇಳಿಯಲು ಹದಿನೇಳು ಸೆಕೆಂಡು ಬೇಕು. ಇಂದು ನಮ್ಮ ಫೋನು ತೆಗೆಯುವ 3 ಮೆಗಾಬೈಟಿನ ಚಿತ್ರವನ್ನು ಅದರಲ್ಲಿ ಕಳಿಸಿದ್ದರೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು! ಈಗ ತಂತಿಯ ಕಷ್ಟ ಹೋಗಿದೆ, ನಿಜ. ಆದರೆ ಮಲೆನಾಡಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಹತ್ತಿ ನಿಮ್ಮ ಪುಟ ತೆರೆಯುವವನಿಗೆ ಆ ಹಳೆಯ ಮಾತಿನ ಬೆಲೆ ಇನ್ನೂ ತಿಳಿದಿದೆ.

1999ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸನ್ನು 350 ಕೋಟಿ ಡಾಲರಿಗೂ ಮಿಕ್ಕ ಬೆಲೆಯ ಷೇರುಗಳನ್ನಿತ್ತು ಕೊಂಡಿತು. ಅದೇ ವರ್ಷ ಹೊರಡಿಸಿದ ಹೊಸ ಕರಾರಿನಲ್ಲಿ, ನೆಲೆಗಾರರ ಬರೆಹ ಮತ್ತು ಚಿತ್ರಗಳ ಮೇಲೆ ಕಂಪನಿಗೆ ಅತಿವಿಸ್ತಾರವಾದ ಹಕ್ಕು ಸಲ್ಲುವಂತಹ ಮಾತುಗಳಿದ್ದುವು. ಜನ ಸಿಟ್ಟಾಗಿ ಪುಟಗಳನ್ನು ಖಾಲಿಮಾಡತೊಡಗಿದರು. ಕಂಪನಿ ಮಾತು ಬದಲಿಸಬೇಕಾಯಿತು. ಹೆಸರು ಬರೆಸುವ ಮುನ್ನ ಕರಾರನ್ನು ಓದಿ ಎಂಬ ಬುದ್ಧಿಮಾತಿನ ಹಿಂದೆ ಇಂಥ ಜಗಳಗಳಿವೆ. ಕೊನೆಗೆ 2009ರ ಅಕ್ಟೋಬರ್ 26ರಂದು ಅಮೆರಿಕದ ಆ ಊರನ್ನೇ ಮುಚ್ಚಿದರು. ಮನೆಯೊಡೆಯರಲ್ಲಿ ಎಷ್ಟೋ ಮಂದಿ ಗುಪ್ತಪದವನ್ನು ಮರೆತಿದ್ದರು, ಕೆಲವರು ತೀರಿಕೊಂಡಿದ್ದರು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪೂ, 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹಾಲಯವೂ ಮುಳುಗುವ ಹಡಗಿನಿಂದ ಸಾಮಾನು ಎಳೆದಂತೆ ಕೈಗೆ ಸಿಕ್ಕಷ್ಟನ್ನು ಉಳಿಸಿದುವು. ಎಲ್ಲವೂ ಉಳಿಯಲಿಲ್ಲ.

ಕನ್ನಡದ ಅಕ್ಷರಗಳ ಪಾಡು

ನಮ್ಮ ದೇಶದ ಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ ಯು. ಬಿ. ಪವನಜರು ‘ವಿಶ್ವ ಕನ್ನಡ’ ಜಾಲಪತ್ರಿಕೆಯನ್ನು ಆರಂಭಿಸಿದರು. ಕನ್ನಡಿಗರ ಉತ್ಸಾಹ ಕಡಮೆಯದಾಗಿರಲಿಲ್ಲ. ಕಷ್ಟವಿದ್ದುದು ಅಕ್ಷರದಲ್ಲಿ.

ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಯಂತ್ರದ ಮಟ್ಟಿಗೆ ಅದು ಇಂಗ್ಲಿಷೇ. ಮೇಲೆ ಹೊದಿಸಿದ ವೇಷ ಮಾತ್ರ ಕನ್ನಡ. ಒಬ್ಬರ ಫಾಂಟಿನಲ್ಲಿ ‘ಕ’ ಕುಳಿತ ಜಾಗದಲ್ಲಿ ಇನ್ನೊಬ್ಬರದರಲ್ಲಿ ಬೇರೆಯೇ ಅಕ್ಷರ. ಓದುಗನ ಬಳಿ ಅದೇ ಫಾಂಟು ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳ ಸಂತೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಟೈಪಿಸುವ ಕೆಲಸ ಸುಗಮವಾಯಿತು. ಆದರೂ ಜಾಲಕ್ಕೆ ಸರಿಯಾದ ಮದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಕೊಡುವ ಏರ್ಪಾಡು ಅದು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಮನೆಮನೆಯ ಗಣಕದಲ್ಲಿ ಅದು ಕೈಗೆ ಬಂದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಹುಟ್ಟಿ, ಗಣಕದ ಪಂಡಿತರಲ್ಲದವರೂ ಕನ್ನಡದಲ್ಲಿ ಪುಟ ಬರೆಯತೊಡಗಿದರು.

ಹಳೆಯ ಫಾಂಟುಗಳ ಪುಟಗಳಲ್ಲಿ ಕೆಲವು ಇನ್ನೂ ಸಂಗ್ರಹಾಲಯಗಳಲ್ಲಿವೆ. ತೆರೆದರೆ ಕಾಣುವುದು ಅದೇ ಗುರುತುಗಳ ಸಂತೆ. ಯಾವ ಫಾಂಟೆಂದು ಗುರುತಿಸಿ ಪರಿವರ್ತಿಸಿದರೆ ಮಾತ್ರ ಕನ್ನಡ ಹೊರಬರುತ್ತದೆ. ಕಲ್ಲು ಉಳಿದು ಲಿಪಿ ಮರೆತ ಸ್ಥಿತಿ ಬರಲು ಸಾವಿರ ವರ್ಷ ಬೇಕಾಗಲಿಲ್ಲ, ಇಪ್ಪತ್ತೇ ಸಾಕಾಯಿತು.

ಯಂತ್ರಕ್ಕಾಗಿ ಬರೆದ ಕಾಲ

2005ರ ಬಳಿಕ ಹೊಸ ಬಗೆಯ ವೇದಿಕೆಗಳು ಬಂದುವು. ಸೇತ್ ಗೋಡಿನ್ ಮತ್ತು ಸಂಗಡಿಗರ ಸ್ಕ್ವಿಡೂ, 2006ರ ಹಬ್‌ಪೇಜಸ್, 2008ರಲ್ಲಿ ಗೂಗಲ್ ತೆರೆದ ನೋಲ್. ಒಬ್ಬ ಲೇಖಕ, ಒಂದು ವಿಷಯ, ಒಂದು ಪುಟ ಎಂಬುದು ಇವುಗಳ ಸೂತ್ರ. ಜಾಹೀರಾತಿನ ಆದಾಯದಲ್ಲಿ ಲೇಖಕನಿಗೂ ಪಾಲುಂಟು. ಹಣ ಬಂದೊಡನೆ ಬುದ್ಧಿಮಾತೂ ಬದಲಾಯಿತು. ಹುಡುಕುವ ಯಂತ್ರಕ್ಕೆ ಹಿಡಿಸುವ ಪದಗಳನ್ನು ಸಾಲುಸಾಲಿಗೂ ತುರುಕಿ, ದಿನಕ್ಕೆ ಇಷ್ಟು ಪುಟ ಮಾಡಿ ಎಂದು ಹೇಳುವವರು ಹೆಚ್ಚಿದರು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಕ್ರಮವನ್ನೇ ಬದಲಿಸಿ, ಇಂಥ ತೆಳು ಬರೆಹವನ್ನು ಕೆಳಕ್ಕೆ ತಳ್ಳಿತು. ಒಳ್ಳೆಯದನ್ನು ಬರೆದವರೂ ನೆರೆಹೊರೆಯವರ ಪಾಪಕ್ಕೆ ದಂಡ ತೆತ್ತರು. ನೋಲ್ 2012ರಲ್ಲಿ ಮುಚ್ಚಿತು; 2014ರಲ್ಲಿ ಸ್ಕ್ವಿಡೂ ಹಬ್‌ಪೇಜಸ್ಸಿನ ಕೈಸೇರಿತು. ಯಂತ್ರವನ್ನು ಮೆಚ್ಚಿಸಲು ಬರೆದದ್ದು ಯಂತ್ರದ ಮನಸ್ಸು ತಿರುಗಿದ ದಿನ ಬಿತ್ತು.

ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಊರಿನ ಮುದುಕಿಯರಿಂದ ಸೋಬಾನೆ ಪದಗಳನ್ನು ಕೇಳಿ, ಒಂದು ಬಿಟ್ಟಿ ವೇದಿಕೆಯ ಚೌಕದಲ್ಲೇ ನೇರವಾಗಿ ಟೈಪಿಸುತ್ತಿದ್ದರು. ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಅವರು ಬಿಟ್ಟಿದ್ದರು. ಆ ವೇದಿಕೆ ನಿಂತುಹೋಯಿತು. ಸೂಚನೆ ಬಂದದ್ದು ಅವರು ಬಳಸುವುದನ್ನು ಬಿಟ್ಟಿದ್ದ ಮಿಂಚಂಚೆಯ ವಿಳಾಸಕ್ಕೆ. “ಅದು ಅಲ್ಲೇ ಇತ್ತಲ್ಲಪ್ಪಾ, ಎಲ್ಲಿಗೆ ಹೋದೀತು?” ಎಂದು ಅವರು ನನ್ನನ್ನು ಕೇಳಿದರು. ಇಂಟರ್ನೆಟ್ ಆರ್ಕೈವಿನಲ್ಲಿ ಹುಡುಕಿದೆವು. ಮೂರು ಪದಗಳು ಸಿಕ್ಕುವು. ಹಾಡಿದ ಮುದುಕಿಯರಲ್ಲಿ ಆ ವೇಳೆಗೆ ಒಬ್ಬರೂ ಉಳಿದಿರಲಿಲ್ಲ.

ಇಷ್ಟು ಹೇಳಿದ ಮೇಲೆ, ಹೊಸಬರು ನನ್ನನ್ನು ಕೇಳಿದರೆ ನಾನು ಕೊಡುವ ಉತ್ತರ ಚಿಕ್ಕದು. ಒಂದು ಪುಟದಲ್ಲಿ ಒಂದೇ ವಿಷಯವಿರಲಿ, ಶೀರ್ಷಿಕೆ ಅದನ್ನೇ ಹೇಳಲಿ. ಹೆಸರೂ ತಾರೀಖೂ ಇರಲಿ. ತಿದ್ದಿದರೆ ತಿದ್ದಿದ ತಾರೀಖೂ ಇರಲಿ. ಕನ್ನಡವನ್ನು ಯೂನಿಕೋಡಿನಲ್ಲಿ ಬರೆಯಿರಿ; ಚಿತ್ರದೊಳಗೆ ಅಕ್ಷರ ಬರೆದು ಅಂಟಿಸಬೇಡಿ, ಅದನ್ನು ಹುಡುಕುವವನಿಗೂ ಕುರುಡನ ಓದುಯಂತ್ರಕ್ಕೂ ಅದು ಗೋಡೆಯೇ. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ. ಬರ್ನರ್ಸ್-ಲೀ 1998ರಲ್ಲಿ ಇದೊಂದೇ ವಿಷಯಕ್ಕಾಗಿ ಒಂದು ಲೇಖನ ಬರೆದ. ನಿಮ್ಮನ್ನು ನಂಬಿ ಇನ್ನೊಬ್ಬರು ಹಾಕಿದ ಕೊಂಡಿಯನ್ನು ಮುರಿಯುವ ಹಕ್ಕು ನಮಗಿಲ್ಲ ಎಂಬುದು ನಾನು ಅದರಿಂದ ತಿಳಿದುಕೊಂಡ ನೀತಿ.

ಎಲ್ಲಕ್ಕಿಂತ ಮಿಗಿಲಾಗಿ, ಮೂಲಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಬರೆಯುವುದು ಮೊದಲು ನಿಮ್ಮ ಕಡತದಲ್ಲಿ, ಪ್ರಕಟಣೆ ಆಮೇಲೆ. ಇನ್ನೊಂದು ಪ್ರತಿ ಬೇರೊಂದು ಕಡೆ ಇರಲಿ. ವೇದಿಕೆ ಎಷ್ಟೇ ದೊಡ್ಡದಾದರೂ ಅದು ಬಾಡಿಗೆಯ ಮನೆ. ಬಾಡಿಗೆ ಕೇಳದ ಮಾತ್ರಕ್ಕೆ ಸ್ವಂತವಾಗುವುದಿಲ್ಲ. ನಮ್ಮ ಹಳೆಯ ಕಾವ್ಯಗಳು ಗೆದ್ದಲು, ಬೆಂಕಿ, ಮಳೆಗಳನ್ನು ದಾಟಿ ಬಂದದ್ದು ಓಲೆಗರಿಯ ಗಟ್ಟಿತನದಿಂದಲ್ಲ. ಯಾರೋ ಒಬ್ಬ ಲಿಪಿಕಾರ ಕುಳಿತು ಮತ್ತೊಂದು ಪ್ರತಿ ಮಾಡಿದ್ದರಿಂದ. ಲೋಕದ ಮೂಲೆಮೂಲೆಗೆ ಕ್ಷಣದಲ್ಲಿ ಮುಟ್ಟುವ ಪುಟಕ್ಕೂ ಕೊನೆಗೆ ಬೇಕಾಗಿರುವುದು ಆ ಮತ್ತೊಂದು ಪ್ರತಿಯೇ.